ಮೈನಸ್ ಗುರುತು

ಉದ್ಯಮಬಾಗದ ಮೂರನೇ ಗಲ್ಲಿ. ಹೊರಗೆ ಬೆಳಗಾವಿಯ ಜಿಟಿಜಿಟಿ,
ಒಂಬತ್ತು ದಿನದಿಂದ.
ಒಳಗೆ ಕಿಟಕಿಗೆಲ್ಲ ಕರಿ ಬಟ್ಟೆ ಹೊಡೆದ ನನ್ನ ಕೋಣೆ.
ತಿಕೋಟಾದ ಮಲಕಾರಿ ಟವೆಲಿನ ಗಂಟು ಬಿಚ್ಚಿ
ಮೇಜಿನ ಮೇಲಿಟ್ಟ ಹಿತ್ತಾಳೆಯ ಮೂತಿ.
ಕಂಠಕ್ಕೆ ಇನ್ನೂ ಅಂಟಿದ ಮೈಲುತುತ್ತದ ಹಸಿರು.
"ದ್ರಾಕ್ಷಿ ಪಡದಾಗ ಐದು ವರ್ಷ ಇದರಾಗ ಹೊಡದೇನ್ರಿ.
ಈಗ ಒಂದು ಮಗ್ಗಲಿಗೆ ಹೆಚ್ಚ ಬೀಳತೈತಿ.
ಬಾಯಿ ಮಾತ ಮಾಲಕರು ಕೇಳಂಗಿಲ್ಲ,
ಅಳತಿ ಕಾಗದ ಬೇಕಂತ."

ಪಕ್ಕದ ಶೆಡ್ಡಿನಿಂದ ದಸ್ತಗೀರ ಸನದಿ
ಚಹಾ ಹಿಡಿದೇ ಬಂದ. ಇದನ್ನು ಲೇಥಿನಲ್ಲಿ ಕಡೆದವನು ಅವನೇ.
ತೂತಿನ ಅಂಚಿಗೆ ಉಗುರು ಆಡಿಸಿ
"ಕೂದಲೆಳಿ ತಿಂದೈತಿ" ಅಂದ.
ಅಷ್ಟು ಹೇಳಲು ನನ್ನ ಯಂತ್ರಕ್ಕೆ ನಲವತ್ತು ನಿಮಿಷ.

ದೀಪ ಆರಿಸಿದೆ.
ಎರಡು ಹಸಿರು ಕಿರಣ. ಒಂದನ್ನೊಂದು ಹಾಯುವಲ್ಲಿ
ಎಳ್ಳಿಗಿಂತ ಸಣ್ಣ ಜಾಗ,
ಅಲ್ಲಿ ಬೆಳಕು ತಾನಾಗಿ ಪಟ್ಟೆಪಟ್ಟೆ, ಜಮಖಾನೆಯ ಹಾಗೆ.
ಹನಿಯೊಂದು ಅದರ ಮೇಲೆ ಓಡಿದರೆ ಮಿಣಮಿಣ ಮಿನುಗಿ ಆರುತ್ತದೆ;
ಬಿರುಸಾಗಿ ಓಡಿದ್ದು ಬಿರುಸಾಗಿ ಮಿನುಗುತ್ತದೆ. ಅದೇ ವೇಗ.
ಬೇರೆ ಬೇರೆ ಕಡೆ ಕೂತ ಎರಡು ಕಣ್ಣು
ಆ ಒಂದೇ ಮಿನುಗನ್ನು ತುಸು ಹಿಂದೆ ಮುಂದೆ ಕಾಣುತ್ತವೆ.
ಆ ಹಿಂದುಮುಂದೇ ಹನಿಯ ಗಾತ್ರ.
ದುಂಡಗಿಲ್ಲದ್ದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.
ಎರಡು ಕೈಕೈ ಹಿಡಿದು ಬಂದರೆ ಎರಡನ್ನೂ ಹೊರಗೆ.
"ಸಾಲಿ ಮಾಸ್ತರ ಇದ್ದಂಗೈತಿ" ಅಂದ ಮಲಕಾರಿ, ಕತ್ತಲಲ್ಲಿ.

ಬರೀ ನೀರು ಬಿಟ್ಟಿದ್ದೆ. ಆದರೂ ಅವನು ಎರಡು ಹೆಜ್ಜೆ ಹಿಂದೆ ಸರಿದು
ಟವೆಲು ಮೂಗಿಗೆ ತಂದಿದ್ದ.

ನಡುವೆ ಎಲ್ಲ ಸರಿ. ಸೆಕೆಂಡಿಗೆ ಹದಿನೆಂಟು ಮೀಟರು, ಹತ್ತೊಂಬತ್ತು.
ಅಂಚಿಗೆ ಸರಿಸಿದೆ, ಒಂದು ಗೇಣು, ಮೇಲೆ ನಾಲ್ಕು ಬೆರಳು.
ಪರದೆಯಲ್ಲಿ ಒಂದು ಅಂಕಿಯ ಮುಂದೆ
ಸಣ್ಣ ಅಡ್ಡಗೆರೆ.
ಆಮೇಲೆ ಮೂರರ ಮುಂದೆ. ಆಮೇಲೆ ಸಾಲುಸಾಲು.

"ಏನದು ಗೆರಿ?"
ಮೈನಸ್, ಅಂದೆ. ಹೋದದ್ದಲ್ಲ, ವಾಪಸ್ ಬಂದದ್ದು.
ಪಟ್ಟೆಗಳನ್ನು ನಾನು ನಿಲ್ಲಿಸಿಟ್ಟಿಲ್ಲ, ಒಂದು ದಿಕ್ಕಿಗೆ ಓಡಿಸುತ್ತಿದ್ದೇನೆ;
ಹನಿ ಎದುರು ಬಂತೋ ಬೆನ್ನು ಹಾಕಿತೋ ಹಾಗಾಗಿ ತಿಳಿಯುತ್ತದೆ.
ಇವು ತೀರ ಸಣ್ಣವು. ಬೇಗ ಓಟ ಕಳೆದುಕೊಂಡು
ಗಾಳಿಯ ಸುಳಿಗೆ ಸಿಕ್ಕಿ ಮೂತಿಯ ಕಡೆಗೇ ತಿರುಗುತ್ತವೆ.
"ಮೂತಿ ಹಿಡದಾಂವನ ಕಡೆ."
ನಾನು ಹಾಗೆ ಹೇಳಿರಲಿಲ್ಲ.

ದೀಪ ಹಾಕಿದೆ. ಅವನು ಕೆಮ್ಮಿ, ಕೆಮ್ಮು ಮುಗಿಯಲು ಕಾದು,
"ಹಂಗಾಮದಾಗ ರಾತ್ರಿ ರೊಟ್ಟಿನೂ ಕಹಿ ಹತ್ತತೈತ್ರಿ.
ರೊಟ್ಟಿಗೆ ಏನಾಗೈತಿ, ನಿನ್ನ ನಾಲಿಗಿ ಸುಳ್ಳ, ಅಂತಾಳ ಮನಿಯಾಕಿ.
ಆ ಗೆರಿ ಅದಾವಲ್ಲ, ಅವನ್ನಷ್ಟು ಕಾಗದದಾಗ ಬರೀರಿ.
ಆಕಿಗೆ ತೋರಸ್ತೇನಿ."

ವರದಿಯ ನಮೂನೆಯಲ್ಲಿ ಸರಾಸರಿಗೆ ಒಂದೇ ಚೌಕ.
ಸರಾಸರಿಯಲ್ಲಿ ಎಲ್ಲ ಹನಿಯೂ ಎಲೆಯ ಕಡೆಗೇ ಹೋಗುತ್ತದೆ.
ಇಷ್ಟು ವರ್ಷ ಆ ಚೌಕ ತುಂಬಿಯೇ ಸಹಿ ಮಾಡಿದ್ದೇನೆ,
ಎಷ್ಟು ಮೂತಿಗಳಿಗೆ, ಈಗ ನೆನಪಿಲ್ಲ.
ಕೆಳಗೆ ಷರಾ ಎಂಬಲ್ಲಿ ಕೈಬರಹದಲ್ಲಿ ಬರೆದೆ:
ಅಂಚಿನಲ್ಲಿ ಅಳೆದ ನೂರು ಹನಿಗಳಲ್ಲಿ ಹನ್ನೊಂದು
ಹೊಡೆಯುವವನ ಕಡೆಗೆ ಬಂದಿವೆ.
ಮಾಲಕರೂ ಓದಲಿ ಎಂದು ಕನ್ನಡದಲ್ಲಿ.
ಮೈನಸ್ ಗೆರೆ ಮಾತ್ರ ತುಸು ಉದ್ದ ಎಳೆದೆ.

ಕಾಗದ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಚೀಲ ಬನಿಯನ್ನಿನೊಳಗೆ ಇಳಿಸಿ,
ಬಾಗಿಲ ಹೊರಗೆ ಮಳೆಗೆ ಮುಖ ಎತ್ತಿ ನಿಂತ ಮಲಕಾರಿ,
ಟವೆಲು ಹೆಗಲ ಮೇಲೆಯೇ ಇತ್ತು.
"ಇದರ ಮೂತಿ ಸವದಿಲ್ಲ ನೋಡ್ರಿ, ಎಲ್ಲಾ ಕಡೆ ಸಮ."
ದಸ್ತಗೀರ ಹಿಂಗೈ ಚಾಚಿ ನಾಲ್ಕು ಹನಿ ಹಿಡಿದು
ಹುಬ್ಬು ಗಂಟಿಕ್ಕಿದ.
"ದಪ್ಪೈತಿ. ಎಲಿ ಮ್ಯಾಲೆ ನಿಲ್ಲಂಗಿಲ್ಲ, ಜಾರತೈತಿ."